ಭೂಮಿಗೆ ಕಟ್ಟಿಕೊಂಡ ಮುರಗೆಪ್ಪನವರು

ಲೇಸರ್ ಡಯೋಡು ಸಾಯುವುದಕ್ಕೆ ದೊಡ್ಡ ಕಾರಣ ಬೇಕಾಗುವುದಿಲ್ಲ. ಕರೆಂಟು ಒಂದು ಕ್ಷಣ ಹೆಚ್ಚಾದರೆ ಸಾಯುತ್ತದೆ, ತಿರುವುಮುರುವಾಗಿ ಜೋಡಿಸಿದರೆ ಸಾಯುತ್ತದೆ, ಬಿಸಿ ಏರಿದರೆ ಸಾಯುತ್ತದೆ, ಬೆರಳಿನಿಂದ ಸುಮ್ಮನೆ ಮುಟ್ಟಿದರೂ ಕೆಲವು ಸಲ ಸಾಯುತ್ತದೆ. ನಮ್ಮ ಭಾವ ಮುರಗೆಪ್ಪನವರು ಈ ಕಾರಣಗಳಲ್ಲಿ ಕೆಲವನ್ನು ಒಂದೇ ಮಾಘಮಾಸದಲ್ಲಿ ಒದಗಿಸಿದರು. ಅಷ್ಟಕ್ಕೇ ನಿಲ್ಲದೆ ಹೊಸದೊಂದನ್ನು ತಾವೇ ಕಂಡುಹಿಡಿದರು. ಅದು ಯಾವ ಪುಸ್ತಕದಲ್ಲೂ ಇಲ್ಲ.

ಭಾವ ಅಂದರೆ ನನ್ನ ಗಂಡನ ಅಣ್ಣ. ನಮ್ಮ ಊರು ಶಿರಗುಪ್ಪಿ. ಸಕ್ಕರೆ ಕಾರಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಅವರು ಕ್ಲಾರ್ಕು. ಗಾಡಿ ಏರಬೇಕು, ಮುಳ್ಳು ನಿಲ್ಲಬೇಕು, ಚೀಟಿ ಹರಿಯಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದರಿಂದ, ಜಗತ್ತಿನ ಯಾವ ಯಂತ್ರವೂ ತನಗೆ ಅಪರಿಚಿತವಲ್ಲ ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು.

ನನ್ನ ಗಂಡ ವಿಕ್ರಾಂತ ರಾಯಬಾಗದ ಕಾಲೇಜೊಂದರ ಪ್ರಯೋಗಾಲಯದಲ್ಲಿದ್ದ. ಹೋದ ಮಾಘದಲ್ಲಿ ಸಂಜೆ ಬೈಕಿನ ಮೇಲೆ ಮನೆಗೆ ಬರುವಾಗ, ಹಿಂದೆ ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರಾಲಿ ಅವನಿಗೆ ಕಾಣಲಿಲ್ಲ. ಆ ಕಬ್ಬು ಮರುದಿನ ಭಾವನ ಕಾಟಾದ ಮೇಲೆಯೇ ತೂಗಿತು. ಭಾವ ರಜೆಯಲ್ಲಿದ್ದರು.

ವಿಕ್ರಾಂತನ ಬೈಕು ಗುಜರಿಗೆ ಹೋಯಿತು. ಫೋನಿನ ನಂಬರು ಬೇರೆ ಯಾರಿಗೋ ಸಿಕ್ಕಿತು. ಒಮ್ಮೆ ಮಾಡಿ ನೋಡಿದೆ, ಹೆಂಗಸೊಬ್ಬಳು ಮರಾಠಿಯಲ್ಲಿ ಯಾರೆಂದು ಕೇಳಿದಳು. ಅಂಗಿಗಳನ್ನು ಅತ್ತೆ ಕೊಕಟನೂರಿಗೆ ಹೋದಾಗ ಹಂಚಿ ಬಂದರು. ಉಳಿದದ್ದು ಅವನು ರಜೆಯ ದಿನಗಳಲ್ಲಿ ಕಟ್ಟಿದ್ದ ಒಂದು ಯಂತ್ರ. ಹೊಲಿಗೆ ಯಂತ್ರದ ತಲೆಯಂತೆ ಅದರ ತಲೆಯೂ ಅತ್ತಿತ್ತ ಓಡಾಡುತ್ತ, ಲೇಸರ್ ಬೆಳಕಿನಿಂದ ಮರದ ಹಲಗೆಯನ್ನು ಸುಟ್ಟು ಚಿತ್ರ ಬಿಡಿಸುತ್ತಿತ್ತು. ಹಳೆಯ ಡಯೋಡನ್ನು ತೆಗೆದಿದ್ದ. ಹೊಸದನ್ನು ಕೂರಿಸಬೇಕಾಗಿದ್ದ ಭಾನುವಾರ ಬರಲಿಲ್ಲ. ಹೊಸವು ಮೂರು, ಮೂರು ಕಾಲಿನ ತೊಗರಿಕಾಳುಗಳಂತೆ, ಡಬ್ಬಿಯೊಳಗೆ ಕಪ್ಪು ಸ್ಪಂಜಿಗೆ ಚುಚ್ಚಿಕೊಂಡು ಇದ್ದವು. ಅವನು ಮುಟ್ಟಿ ಇಟ್ಟಿದ್ದರಲ್ಲಿ ಇನ್ನೂ ಜೀವ ಹಿಡಿದುಕೊಂಡಿದ್ದವು ಅವು ಮೂರೇ. ತಿಂಗಳಿಗೊಮ್ಮೆ ಡಬ್ಬಿಯ ಮೇಲಿನ ಧೂಳು ಒರೆಸುತ್ತಿದ್ದೆ. ತೆಗೆಯುತ್ತಿರಲಿಲ್ಲ.

ವರ್ಷ ತುಂಬಲು ತಿಂಗಳಿದ್ದಾಗ, ಕಾರಖಾನೆಯ ಮುಂದಿನ ಚಹಾದಂಗಡಿಯಲ್ಲಿ ಯಾರೋ ಭಾವನನ್ನು ಕೇಳಿದರಂತೆ.

"ಮುರಗೆಪ್ಪಣ್ಣ, ತಮ್ಮನ ಪುಣ್ಯಸ್ಮರಣೆಗೆ ಫ್ಲೆಕ್ಸ್ ಎಷ್ಟು ದೊಡ್ಡದು ಹಾಕಸ್ತಿ?"

"ಫ್ಲೆಕ್ಸ್ ಹಾಕೂದಿಲ್ಲ. ಫ್ಲೆಕ್ಸ್ ಇವತ್ತ ಇರತೈತಿ, ನಾಳೆ ಯಾರದೋ ಬಣವಿಗೆ ಹೊದ್ದಿಕಿ ಆಗತೈತಿ. ನನ್ನ ತಮ್ಮನ ಫೋಟೋ ನನ್ನ ತಮ್ಮನ ಮಷೀನೇ ತಗೀತೈತಿ. ಸಾಗವಾನಿ ಹಲಿಗಿ ಮ್ಯಾಲ. ಲೇಸರ್‌ದಾಗ."

"ಮಷೀನ ಯಾರು ನಡಸವ್ರು?"

ಭಾವ ಬಸಿಯಲ್ಲಿದ್ದ ಚಹಾ ಮುಗಿಸಿದರಂತೆ. "ನಾನ. ಕರೆಂಟ್ ಹೋದಾಗೆಲ್ಲ ಅವಗ ಬ್ಯಾಟರಿ ಹಿಡದು ನಿಂತಾವ ಯಾರ ಅಂತ ಮಾಡೀರಿ?"

ಬ್ಯಾಟರಿ ಹಿಡಿದದ್ದು ಖರೆ. ಹಿಡಿದದ್ದು ಒಂದೇ ಸಲ.

ಆಡಿದ ಮಾತು ಆಡಿದ್ದೇ. ಮರುದಿನವೇ ಕಾರ್ಡು ಅಚ್ಚಾಯಿತು, ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ಮರಾಠಿ. 'ದಿವಂಗತರ ಸ್ವಂತ ಯಂತ್ರದಿಂದ ಮೂಡಿದ ಭಾವಚಿತ್ರದ ಅನಾವರಣ' ಎಂದು ಎರಡೂ ಕಡೆ ದಪ್ಪಕ್ಷರದಲ್ಲಿತ್ತು. ಕಾಗವಾಡದಿಂದ ಅಥಣಿಯವರೆಗೆ ಬೀಗರು-ಬಿಜ್ಜರ ಮನೆಗಳಿಗೆ ಅದು ಮುಟ್ಟಿದ ಮೇಲೆ ಭಾವ ಮೊದಲ ಸಲ ಡಬ್ಬಿ ತೆಗೆದರು.

ತೆಗೆದವರು ಒಂದು ಡಯೋಡನ್ನು ಎರಡು ಬೆರಳಲ್ಲಿ ಹಿಡಿದು ಅಂಗಳಕ್ಕೆ ಹೋದರು. ಸಾಮಾನು ಬಳಸುವ ಮೊದಲು ಪರೀಕ್ಷೆ ಮಾಡುವುದು ಕಾಟಾದ ಪದ್ಧತಿ. ಟ್ರ್ಯಾಕ್ಟರಿನ ಬಾನೆಟ್ ಎತ್ತಿ, ಎರಡು ವೈರು ತಗುಲಿಸಿದರು. ತೊಗರಿಕಾಳಿಗೆ ಟ್ರ್ಯಾಕ್ಟರಿನ ಬ್ಯಾಟರಿ. ನಾನು ಕಿಟಕಿಯಲ್ಲಿ ನಿಂತಿದ್ದೆ. "ಭಾವ" ಎಂಬ ಎರಡಕ್ಷರ ಬಾಯಿಂದ ಹೊರಡುವಷ್ಟರಲ್ಲಿ ಅದು ಮುಗಿದುಹೋಗಿತ್ತು.

"ಮಿಂಚಿತು, ನೋಡಿದ್ರೇನು?" ಎಂದರು ಭಾವ, ಸುತ್ತ ನೋಡಿ. "ಏನ ಪಾವರ್ ಐತಿ."

ಮಿಂಚಿದ್ದು ಒಂದೇ ಸಲ. ಆಮೇಲೆ ಹತ್ತು ಸಲ ತಗುಲಿಸಿದರೂ ಮಿಂಚಲಿಲ್ಲ. "ಚಾರ್ಜ್ ಇಳದಿರಬೇಕು" ಎಂದು ಅದನ್ನು ಬಿಸಿಲಿಗೆ ಇಟ್ಟರು. ಎರಡು ದಿನ ಅದು ತುಳಸಿಕಟ್ಟೆಯ ಮೇಲೆ ಹಪ್ಪಳದ ಪಕ್ಕದಲ್ಲಿತ್ತು.

ಮೂರನೆಯ ದಿನ ಡಬ್ಬಿಯ ಮುಚ್ಚಳದ ಒಳಮೈಗೆ ಅಂಟಿಸಿದ್ದ ಹಾಳೆ ಭಾವನ ಕಣ್ಣಿಗೆ ಬಿತ್ತು. ವಿಕ್ರಾಂತ ತನ್ನ ವಿದ್ಯಾರ್ಥಿಗಳಿಗಾಗಿ ಬರೆದಿಟ್ಟ ನಿಯಮಗಳು. ಭಾವ ಪಡಸಾಲೆಯಲ್ಲಿ ಕುಳಿತು ಪುರಾಣ ಓದುವ ರಾಗದಲ್ಲಿ ಓದಿದರು.

"ಉಂಗುರ, ಬಳೆ, ಗಡಿಯಾರ, ಸರ ಯಾವುದೂ ಮೈಮೇಲೆ ಇರಬಾರದು. ಹೊಳೆಯುವ ವಸ್ತುವಿಗೆ ಬಡಿದು ಬೆಳಕು ಕಣ್ಣಿಗೆ ತಿರುಗುತ್ತದೆ. ಹತ್ತಿಯ ಬಟ್ಟೆಯನ್ನೇ ಉಡಬೇಕು. ನೆಲಕ್ಕೆ ನೀರು ಚಿಮುಕಿಸಬೇಕು. ಭೂಮಿಯ ತಂತಿಯ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡೇ ಡಯೋಡನ್ನು ಮುಟ್ಟಬೇಕು. ಕಿತ್ತಳೆ ಕನ್ನಡಕ ಹಾಕದೆ ನೋಡಬಾರದು. ಕೆಲಸ ಮಾಡುವವನ ಹೊರತು ಯಾರೂ ಒಳಗೆ ಬರಬಾರದು. ಎಲ್ಲ ಜೋಡಿಸಿದ ಮೇಲೆ ಕರೆಂಟನ್ನು ಸೊನ್ನೆಯಿಂದ, ನಿಧಾನವಾಗಿ."

ಓದು ಮುಗಿಯುವಾಗ ಅತ್ತೆ ಸಕ್ಕುಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಮುರಗ್ಯಾ, ಇದು ಮಡಿ ಅಲ್ಲೇನೋ? ಸ್ವಚ್ಛ ಮಡಿ. ಎಷ್ಟ ಸಾಲಿ ಕಲ್ತರೂ ನನ್ನ ಮಗ ಮಡಿ ಬಿಟ್ಟಿರಲಿಲ್ಲ ನೋಡು."

ಅಳುತ್ತ ಆಡಿದ ಮಾತಿಗೆ ಎದುರುತ್ತರ ಯಾರು ಕೊಡುತ್ತಾರೆ? ಅಂದಿನಿಂದ ಅದು ಮಡಿಯಾಯಿತು. ಮಡಿ ಎಂದಾದ ಮೇಲೆ ಭಾವನಿಗೆ ಹಾಳೆಯಲ್ಲಿ ಒಂದು ಕೊರತೆ ಕಂಡಿತು.

"ಎವ್ವಾ, ಹತ್ತಿ ಅಂದಾನ. ಹತ್ತಿಗೆ ಮೈಲಿಗಿ ಹತ್ತತೈತಿ. ಕಂಬಳಿಗೆ ಹತ್ತೂದ ಇಲ್ಲ. ಪಾಪ, ಸಾಲಿ ಹುಡುಗರಿಗೆ ಹತ್ತಿ ಸಾಕು ಅಂತ ಬರದಾನ. ನಾವು ಮನಿಯವ್ರು, ಹೆಚ್ಚಿಂದ ಮಾಡೂಣು."

ಎಷ್ಟು ತೊಳೆದರೂ ಮೈಲಿಗೆ ಉಳಿಯುವ ಬಟ್ಟೆಗಳಿವೆ, ಎಂದೂ ತೊಳೆಯದೆ ಮಡಿಯಾಗಿರುವ ಕಂಬಳಿಯೂ ಇದೆ. ನಮ್ಮ ಕಡೆ ಇದನ್ನು ಯಾರೂ ಚರ್ಚೆ ಮಾಡುವುದಿಲ್ಲ. ಆದರೆ ಒಣಹವೆಯಲ್ಲಿ ಉಣ್ಣೆ ಮೈಗೆ ತಿಕ್ಕಿದರೆ ಮೈಯಲ್ಲಿ ಸಾವಿರಾರು ವೋಲ್ಟು ಸೇರುತ್ತದೆ. ಮನುಷ್ಯನಿಗೆ ಚುರುಕ್ ಎಂದು ಬಿಟ್ಟುಹೋಗುತ್ತದೆ, ಡಯೋಡಿಗೆ ಅದೇ ಕೊನೆ. ಧಾರವಾಡದಲ್ಲಿ ನಾನು ಎಂಎಸ್ಸಿಗೆ ಓದಿದ್ದು ಭೌತಶಾಸ್ತ್ರ.

"ಭಾವ, ಕಂಬಳಿ ಬ್ಯಾಡ್ರಿ," ಎಂದೆ ಬಾಗಿಲಲ್ಲಿ ನಿಂತು. "ಉಣ್ಣಿಯೊಳಗ ಕರೆಂಟ್ ಹುಟ್ಟತೈತಿ."

ಭಾವ ನಕ್ಕರು. "ತಂಗಿ, ಕುರಿ ಮ್ಯಾಲ ಹುಟ್ಟಿದ ಉಣ್ಣಿ ಅದು. ಕರೆಂಟ್ ಹುಟ್ಟಿದ್ರ ಕುರಿ ಸಾಯಬೇಕಾಗಿತ್ತಲ್ಲ?"

"ನೀ ಒಳಗ ಹೋಗವಾ," ಎಂದರು ಅತ್ತೆ. "ಕಾರ್ಯದ ಸಾಮಾನು ಅದು. ವರ್ಷ ತುಂಬೂತನಕ ನೀ ಮುಟ್ಟಬಾರದು, ಆ ಖೋಲಿಗೂ ಬರಬಾರದು."

ಒಂದು ಮಾತು ಹೇಳಿದ್ದೆ. ಎರಡನೆಯದನ್ನು ಹೇಳುವ ಅಭ್ಯಾಸ ಹೋದ ವರ್ಷ ತಪ್ಪಿತ್ತು.

ಇನ್ನು ಭೂಮಿಯ ತಂತಿ. ಭಾವ ಲೈನ್‌ಮನ್ ಲಗಮಪ್ಪನನ್ನು ಕರೆಸಿದರು. ಲಗಮಪ್ಪ ಹಿತ್ತಲಿನಲ್ಲಿ ಎದೆಮಟ್ಟದ ಕುಣಿ ತೋಡಿ, ಪೈಪು ನಿಲ್ಲಿಸಿ, ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕುತ್ತ ಬಂದ. ಅರ್ಥಿಂಗ್ ಮಾಡುವುದು ಹೀಗೆಯೇ. ಆದರೆ ಗೋಡೆಯ ಆಚೆಯಿಂದ ಇಣುಕಿದ ನೆರೆಮನೆಯ ಭರಮು ಕಾಕಾನಿಗೆ ಕಂಡದ್ದು: ಕುಣಿ, ಉಪ್ಪು, ಇದ್ದಿಲು, ಮತ್ತು ಕುಣಿಯ ಪಕ್ಕದಲ್ಲಿ ಕಂಬಳಿ ಹೊದ್ದು, ಕಿತ್ತಳೆ ಕನ್ನಡಕ ಹಾಕಿಕೊಂಡು, ಪೈಪಿಗೆ ತಂತಿಯಿಂದ ಬಿಗಿದುಕೊಂಡು ಕುಳಿತ ಮುರಗೆಪ್ಪ.

"ಏನ ನಡಸೀದೋ?" ಎಂದರು ಕಾಕಾ.

"ತಮ್ಮನ ಸಲುವಾಗಿ, ಕಾಕಾ. ರೂಢಿ ಮಾಡಾಕತ್ತೀನಿ."

ಕಾಕಾ ಮತ್ತೇನೂ ಕೇಳದೆ ತಲೆ ಕೆಳಗಿಳಿಸಿದರು. ಮಧ್ಯಾಹ್ನದೊಳಗೆ ಊರಿನಲ್ಲಿ ಎರಡು ಸುದ್ದಿ ಹರಡಿದವು. ತಮ್ಮ ಸತ್ತ ಸಂಕಟಕ್ಕೆ ಮುರಗೆಪ್ಪನಿಗೆ ತಲೆ ಕೆಟ್ಟು, ಮನೆಯವರು ಹಿತ್ತಲಲ್ಲಿ ತಂತಿ ಹಾಕಿ ಕಟ್ಟಿದ್ದಾರೆ ಎಂಬುದು ಒಂದು. ಮುರಗೆಪ್ಪ ಭೂಮಿಯೊಳಗಿಂದ ತಮ್ಮನನ್ನು ಕರೆಯುತ್ತಿದ್ದಾನೆ ಎಂಬುದು ಇನ್ನೊಂದು.

ಮೊದಲ ಸುದ್ದಿಯ ಬೆನ್ನು ಹತ್ತಿ ಪೊಲೀಸ್ ಪೇದೆ ಅಣ್ಣಾಸಾಬ ಬಂದ. ಭಾವ ಅಭ್ಯಾಸದಲ್ಲಿದ್ದರು, ಏಳುವಂತಿರಲಿಲ್ಲ.

"ಯಾರು ಕಟ್ಟ್ಯಾರ್ರಿ ನಿಮ್ಮನ್ನ?"

"ನಾನ ಕಟ್ಟಿಕೊಂಡೀನ್ರಿ ಸಾಹೇಬ್ರ."

"ಯಾಕ?"

"ಮೈಯಾಗಿನ ಕರೆಂಟ್ ಭೂಮಿಗೆ ಇಳೀಬೇಕಲ್ಲರಿ."

"ನಿಮ್ಮ ಮೈಯಾಗ ಕರೆಂಟ್ ಯಾವಾಗಿಂದ ಐತಿ?"

"ಎಲ್ಲಾರ ಮೈಯಾಗೂ ಇರತೈತ್ರಿ. ಈಗ ನಿಮ್ಮ ಮೈಯಾಗೂ ಐತಿ."

ಅಣ್ಣಾಸಾಬ ಎರಡು ಹೆಜ್ಜೆ ಹಿಂದೆ ಸರಿದ. "ಮನಿಯಾಗ ತಿಳದವ್ರು ಯಾರರ ಅದಾರೇನ್ರಿ?" ಎಂದು ಒಳಗೆ ಕೂಗಿದ. ಎಲ್ಲರೂ ಅತ್ತೆಯ ಕಡೆ ನೋಡಿದರು. ನಾನು ಜೋಳ ಹಸನು ಮಾಡುತ್ತಿದ್ದೆ, ನನ್ನ ಕಡೆ ಯಾರೂ ನೋಡಲಿಲ್ಲ.

"ಅದು ಮಡಿರಿ," ಎಂದರು ಅತ್ತೆ. ಪೊಲೀಸ್ ಇಲಾಖೆಗೆ ಅಷ್ಟು ಸಾಕಾಯಿತು. ಅಣ್ಣಾಸಾಬ ಮೊಣಕಾಲಿನ ಮೇಲೆ ಕಾಗದವಿಟ್ಟು ಬರೆದು, ಓದಿ ಹೇಳಿದ. 'ಸದರಿ ಮುರಗೆಪ್ಪ ಎಂಬವರು ತಮ್ಮ ಸ್ವಂತ ಹಿತ್ತಲಿನಲ್ಲಿ, ಸ್ವಂತ ಇಚ್ಛೆಯಿಂದ, ಸ್ವಂತ ಖರ್ಚಿನಲ್ಲಿ ಭೂಮಿಗೆ ಕಟ್ಟಿಕೊಂಡಿದ್ದು, ಇದರಿಂದ ಸಾರ್ವಜನಿಕರಿಗೆ ಯಾವುದೇ ತೊಂದರೆ ಇರುವುದಿಲ್ಲ.' ಭಾವ ತಂತಿ ಕಟ್ಟಿದ್ದ ಕೈಯಿಂದಲೇ ಸಹಿ ಹಾಕಿದರು. ಚಹಾ ಕುಡಿದು ಹೊರಟ ಅಣ್ಣಾಸಾಬ ಬಾಗಿಲ ತನಕ ಹೋಗಿ ತಿರುಗಿ ಬಂದ.

"ಮುರಗೆಪ್ಪಣ್ಣಾರ, ಕರೆಂಟ್ ಇಳದ್ರ ಮೊಣಕಾಲ ನೋವು ಕಡಿಮಿ ಆಗತೈತೇನ್ರಿ?"

ಎರಡನೆಯ ಸುದ್ದಿಯ ಬೆನ್ನು ಹತ್ತಿ ಜನ ಬಂದರು. ಮೊದಲು ಬಂದವರು ಭರಮು ಕಾಕಾ, ಗೋಡೆಯ ಮೇಲಿಂದ.

"ಮುರಗೆಪ್ಪಾ, ತಪ್ಪು ತಿಳೀಬ್ಯಾಡ. ಅವ ಬಂದ್ರ ಒಂದ ಮಾತು ಕೇಳು. ನನ್ನ ನಟ್ ಬಿಚ್ಚೂ ಹತ್ತ-ಹನ್ನೊಂದರ ಪಾನಾ ಒಯ್ದಿದ್ದ, ಎಲ್ಲಿಟ್ಟಾನ ಅಂತ. ಪಾನಾ ದೊಡ್ಡದಲ್ಲೋ. ಆದ್ರ ಸೆಟ್ ಮುರದೈತಿ. ಡಬ್ಬಿ ತಗದಾಗೊಮ್ಮೆ ನಡುವ ಒಂದ ಖಾನೆ ಖಾಲಿ ಕಾಣತೈತಿ."

ಓಣಿಯ ತುದಿಯ ಸುಂದರಾಬಾಯಿ ಕಾಯಿ-ಕರ್ಪೂರ ತಂದಳು. ಅವಳ ಗಂಡ ತೀರಿ ಆರು ವರ್ಷ.

"ನಮ್ಮ ಮನಿಯವ್ರು ಅಲ್ಲಿ ಸಿಕ್ಕರ ಎಮ್ಮಿ ಈದೈತಿ ಅಂತ ಹೇಳಸಪ್ಪಾ. ಹೆಣ್ಣ ಕರ. ಗಬ್ಬ ನಿಲ್ಲೂದಿಲ್ಲ, ಮಾರಿಬಿಡು ಅಂತಿದ್ರು. ನಿಂತೈತಿ ಅನ್ನು."

ಭಾವ ಮೊದಲ ದಿನ ಅಲ್ಲವೆಂದರು. ಎರಡನೆಯ ದಿನ ಡಯೋಡು, ಭೂಮಿ, ಕರೆಂಟು ಎಂದು ವಿವರಿಸಿದರು. ವಿವರಣೆ ಕೇಳಿದವರು ಮೊದಲಿಗಿಂತ ಹೆಚ್ಚು ನಂಬಿದರು. ಮೂರನೆಯ ದಿನ ಭಾವ ಎಲ್ಲರಿಗೂ "ಹೇಳ್ತೀನಿ" ಎನ್ನತೊಡಗಿದರು. ಕನ್ನಡಕ ನೋಡಿ, ಮುರಗೆಪ್ಪನಿಗೆ ಕಣ್ಣಿನ ಪೊರೆ ತೆಗೆದಿದ್ದಾರೆ ಎಂದು ತಿಳಿದು ಬಾಳೆಹಣ್ಣು ತಂದವರೂ ಇದ್ದರು. ಹಣ್ಣು ಒಳಗೆ ಬಂದವು.

ಗುರುವಾರ ಬೆಳಿಗ್ಗೆ ಮುಹೂರ್ತ. ಭಾವ ಮಿಂದು, ಮೈಮೇಲೆ ಒಂದು ಕಂಬಳಿ ಹೊದ್ದು, ಕೆಳಗೊಂದು ಹಾಸಿ ಯಂತ್ರದ ಮುಂದೆ ಕುಳಿತರು. ನವರತ್ನದ ಉಂಗುರ ಬೆರಳಿನಿಂದ ಬರಲಿಲ್ಲ. ಸಾಬೂನು ಹಚ್ಚಿ ಎಳೆದರು, ಕೊನೆಗೆ ಅದಕ್ಕೆ ಟೇಪು ಸುತ್ತಿದರು. ಮಣಿಕಟ್ಟಿನ ಪಟ್ಟಿ ಪ್ಲಾಸ್ಟಿಕ್ಕಿನದು, ಬರಿ ಮೈಗೆ ತಾಗಿದರೆ ಮಡಿ ಕೆಟ್ಟೀತೆಂದು ಕಂಬಳಿಯ ಅಂಚನ್ನು ಕೈಗೆ ಸುತ್ತಿ ಅದರ ಮೇಲೆ ಪಟ್ಟಿ ಕಟ್ಟಿದರು. ಹೀಗಾಗಿ ಭೂಮಿಗೆ ಕಟ್ಟಿದ್ದು ಕಂಬಳಿಯನ್ನು. ಭಾವ ಸ್ವತಂತ್ರರಾಗಿದ್ದರು.

ಮಾಘದ ಒಣಗಾಳಿ. ಭಾವ ಸರಿದು ಕೂತಾಗಲೆಲ್ಲ ಕಂಬಳಿಯಿಂದ ಚಟಚಟ ಸಪ್ಪಳ ಬರುತ್ತಿದ್ದುದು ನನಗೆ ಅಡುಗೆಮನೆಯ ತನಕ ಕೇಳಿಸುತ್ತಿತ್ತು.

"ಒಳ್ಳೆ ಶಕುನ," ಎಂದರು ಅತ್ತೆ, ಹೊಸ್ತಿಲ ಹೊರಗಿನಿಂದ.

ಭಾವ ಕೈ ಚಾಚಿದರು. ಬೆರಳು ಡಯೋಡಿನ ಕಾಲಿಗೆ ತಾಗುವ ಮೊದಲೇ ನಡುವೆ ಸೂಜಿಯ ಮೊನೆಯಷ್ಟು ನೀಲಿ ಕಿಡಿ ಹಾರಿತು. "ಜೀವ ಹರೀತು," ಎಂದರು ಭಾವ.

ನಾನು ರೊಟ್ಟಿ ತಿರುವಿ ಹಾಕಿದೆ.

ಆಮೇಲೆ ಎಲ್ಲ ನಿಯಮದಂತೆಯೇ ನಡೆಯಿತು. ಡಯೋಡು ತಲೆಯಲ್ಲಿ ಕುಳಿತಿತು, ಕರೆಂಟು ಸೊನ್ನೆಯಿಂದ ನಿಧಾನ ಏರಿತು, ತಿಳಿನೀಲಿ ಬೆಳಕು ಬಂತು. "ಹತ್ತಿತು!" ಎಂದು ಭಾವ ಕೂಗಿದ್ದು ಓಣಿಗೆ ಕೇಳಿಸಿತು. ವಿಕ್ರಾಂತನ ಫೋಟೋವನ್ನು ಯಂತ್ರಕ್ಕೆ ಒಗ್ಗುವಂತೆ ಮಾಡಿ ಮೆಮರಿ ಕಾರ್ಡಿಗೆ ಹಾಕಿಕೊಟ್ಟವನು ನಿಪ್ಪಾಣಿಯ ಒಬ್ಬ ಫೋಟೋ ಸ್ಟುಡಿಯೋದವನು. ಅವನಿಗೆ ಆ ವಿದ್ಯೆ ಕಲಿಸಿದ್ದು ವಿಕ್ರಾಂತನೇ. ಕಾರ್ಡು ಹಾಕಿದೊಡನೆ ಯಂತ್ರ ಗುಯ್ ಎನ್ನುತ್ತ ಹಲಗೆಯ ಮೇಲೆ ನಾಲ್ಕು ತಾಸು ಓಡಾಡಿತು. ನಿಂತ ಮೇಲೆ ನೋಡಿದರೆ ಹಲಗೆ ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು.

ಕಿಡಿ ತಾಗಿದ ಡಯೋಡು ಸತ್ತಂತೆ ಕಾಣುವುದಿಲ್ಲ. ಬೆಳಗುತ್ತದೆ. ಸುಡುವುದಿಲ್ಲ, ಅಷ್ಟೇ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಇರುತ್ತದೆ.

ಭಾವ ಹಲಗೆಯ ಮೇಲೆ ತಪ್ಪು ಹೊರಿಸಲಿಲ್ಲವೆಂದಲ್ಲ. ಸಾಗವಾನಿ ಹಸಿ ಇದೆ ಎಂದು ಬೇವಿನದು ತಂದರು. ಬೇವು ಕಹಿ ಎಂದು ಜಾಲಿಯದು ತಂದರು. ಯಂತ್ರದ ಮುಖ ದಕ್ಷಿಣಕ್ಕಿದೆ ಎಂದು ಅದು ಕೂತ ಮಣೆಯ ಸಮೇತ ಪೂರ್ವಕ್ಕೆ ತಿರುಗಿಸಿದರು. ಎರಡು ದಿನವಾದ ಮೇಲೆ, ಮಡಿ ಎಲ್ಲೋ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬಂದರು. ಕೆಡಿಸಿದವರು ಯಾರೆಂದು ವಿಚಾರಿಸಲಾಗಿ, ಮುಹೂರ್ತದ ಹೊತ್ತಿನಲ್ಲಿ ನೆಗೆಣ್ಣಿ ರೂಪಾಲಿ, ಅಂದರೆ ಭಾವನ ಹೆಂಡತಿ, ಬಾಗಿಲಲ್ಲಿ ನಿಂತು "ಚಾ ಆಗೇತ್ರಿ" ಎಂದದ್ದು ಬಯಲಾಯಿತು.

"ಚಾ ಆಗೇತಿ ಅಂದ್ರ ಮೈಲಿಗಿ ಆಗತೈತೇನ್ರಿ?" ಎಂದಳು ರೂಪಾಲಿ. "ಆತು. ಇನ್ನ ಮ್ಯಾಲ ಅನ್ನೂದಿಲ್ಲ."

ಅಂದಳು, ಹಾಗೆಯೇ ನಡೆದಳು. ಕಾರ್ಯಕ್ಕೆ ನಾಲ್ಕು ದಿನ ಉಳಿದಿದ್ದಾಗ ಭಾವನಿಗೆ ಚಿತ್ರವೂ ಇರಲಿಲ್ಲ, ಚಹಾವೂ ಇರಲಿಲ್ಲ.

ಆ ದಿನ ಲಗಮಪ್ಪ ತನ್ನ ಕುಣಿಗೆ ನೀರು ಹಾಕಲು ಬಂದವನು ಒಳಗೆ ಇಣುಕಿದ. ಬೆಳಕಿನ ಕೆಳಗೆ ಒಂದು ಬೀಡಿ ಹಿಡಿದು ನೋಡಿದ. ಬೀಡಿ ಹತ್ತಲಿಲ್ಲ.

"ಮುರಗೆಪ್ಪಣ್ಣ, ಇದು ಹೋಗೈತಿ."

"ಹೋಗಿದ್ರ ಬೆಳಕ ಹೆಂಗ ಬರತೈತಿ?"

"ಟ್ರಾನ್ಸ್‌ಫಾರ್ಮರ್ ಸುಟ್ಟ ಮ್ಯಾಲೂ ಗುಂಯ್ ಅಂತೈತಿ. ಅಂದಂಗ ಕರೆಂಟ್ ಐತೇನು?" ಅವನು ಹಾಳೆಯನ್ನು ತೆಗೆದುಕೊಂಡು ಓದಿದ. ಇನ್ನೊಮ್ಮೆ ಓದಿದ. "ಇದರಾಗ ಕಂಬಳಿ ಎಲ್ಲಿ ಬರದೈತಿ?"

ಡಬ್ಬಿಯಲ್ಲಿ ಒಂದು ಡಯೋಡು ಉಳಿದಿತ್ತು. ಊರೂರಿಗೆ ಹೋದ ಕಾರ್ಡುಗಳು ತಿರುಗಿ ಬರುವಂತಿರಲಿಲ್ಲ. ಭಾವ ಮೊದಲ ಸಲ ನೆಲ ನೋಡಿದರು.

"ಹಾಳ್ಯಾಗ ಬರದಂಗ ಮಾಡೂಣು," ಎಂದ ಲಗಮಪ್ಪ. "ಒಂದ ಅಕ್ಷರ ಹೆಚ್ಚ ಬ್ಯಾಡ, ಕಡಿಮಿ ಬ್ಯಾಡ. ಮುಟ್ಟವ್ರು ಯಾರು?"

ಪಡಸಾಲೆಯಲ್ಲಿ ಪರೀಕ್ಷೆ ಶುರುವಾಯಿತು. ಭಾವನ ಉಂಗುರ ಬರುವಂತಿರಲಿಲ್ಲ. ನಪಾಸು. ರೂಪಾಲಿಯ ಮೈಮೇಲೆ ತಾಳಿ, ಎರಡು ಡಜನ್ ಬಳೆ, ನೈಲಾನ್ ಸೀರೆ.

"ಸೀರಿ ಬದಲಿ ಮಾಡಬಹುದವಾ. ಬಳಿ, ತಾಳಿ ಒಂದ ಗಳಿಗಿ ತಗದಿಟ್ರ…" ಎಂದ ಲಗಮಪ್ಪ.

"ನಾಲಿಗಿ ಹಿಡದು ಮಾತಾಡೋ," ಎಂದರು ಅತ್ತೆ. "ಗಂಡ ಎದುರಿಗೆ ಕುಂತಾನ, ಮುತ್ತೈದಿ ಬಳಿ ತಗೀತಾಳೇನು?"

ಭರಮು ಕಾಕಾ ಗೋಡೆಯ ಮೇಲಿಂದ ತಾವಾಗಿಯೇ ಬಂದರು. ಟೆರಿಲಿನ್ ಅಂಗಿ, ಕೈಯಲ್ಲಿ ಬೆಳ್ಳಿ ಕಡಗ, ಅದು ಯಾವುದೋ ಹರಕೆಯದು. ನಪಾಸು.

"ನೀನ ಮಾಡಬಾರದೇನೋ ಲಗಮಪ್ಪಾ?" ಎಂದರು ಭಾವ. "ಕರೆಂಟಿನವ ನೀನು."

"ನನ್ನ ಕೈಲಿ ಆಗೂದಿಲ್ಲಣ್ಣ. ಇಪ್ಪತ್ತ ವರ್ಷ ಕಂಬ ಏರೀನಿ, ಭೂಮಿ ತಪ್ಪಿಸಿನ ಬದುಕೀನಿ. ಈಗ ಭೂಮಿನ ಮೈಗೆ ಹೆಂಗ ಕಟ್ಟಿಕೊಳ್ಳಲಿ?"

ನಾನು ಜೋಳದಲ್ಲಿ ಹರಳು ಆರಿಸುತ್ತಿದ್ದೆ. ಮಾತು ನಿಂತಿತೆಂದು ತಲೆಯೆತ್ತಿದರೆ ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು.

ಲಗಮಪ್ಪ ಹಾಳೆ ನೋಡುತ್ತ, ನನ್ನನ್ನು ನೋಡುತ್ತ ಓದಿದ. "ಉಂಗುರ, ಇಲ್ಲ. ಬಳಿ, ಇಲ್ಲ. ಸರ…" ಇಲ್ಲಿ ಅವನ ದನಿ ಸಣ್ಣದಾಯಿತು. "ಇಲ್ಲ. ಸೀರಿ, ಹತ್ತೀದು."

ಎಲ್ಲ ನಿಯಮಗಳಲ್ಲಿ ನಾನು ಪಾಸಾಗಿದ್ದೆ. ಅದಕ್ಕೆ ಬೇಕಾದ ತಯಾರಿಯನ್ನೆಲ್ಲ ಹೋದ ವರ್ಷ ಇದೇ ಪಡಸಾಲೆಯಲ್ಲಿ ಅತ್ತೆಯೇ ಮುಂದೆ ನಿಂತು ಮಾಡಿಸಿದ್ದರು.

ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ತಿರುಗದೆಯೇ, "ಕೈ ತೊಳಕೊಂಡು ಹೋಗವಾ," ಎಂದರು.

ನಾನು ಮೊರ ಕೆಳಗಿಟ್ಟು ಎದ್ದೆ. ಕಂಬಳಿಗಳನ್ನು ಹೊರಗೆ ಹಾಕಿಸಿ, ಸಾಗವಾನಿ ಹಲಗೆಯನ್ನೇ ಮತ್ತೆ ಯಂತ್ರದ ಕೆಳಗೆ ಇಟ್ಟೆ. ನೆಲಕ್ಕೆ ನೀರು ಚಿಮುಕಿಸಿದೆ. ಪಟ್ಟಿಯನ್ನು ಬರಿ ಮಣಿಕಟ್ಟಿಗೆ ಕಟ್ಟಿಕೊಂಡೆ. ಅದು ವಿಕ್ರಾಂತನ ಕೈಯ ಅಳತೆಗಿತ್ತು, ನಾಲ್ಕು ರಂಧ್ರ ಒಳಗೆ ಸರಿಸಬೇಕಾಯಿತು. ಯಂತ್ರದ ಮುಂದೆ ಕೂತಾಗ ಅದರ ಹಿಂದಿನ ಎಡಗಾಲಿನ ಕೆಳಗೆ ಏನೋ ಕಬ್ಬಿಣದ್ದು ಒತ್ತು ಕೊಟ್ಟಿದ್ದು ಕಂಡಿತು. ಆಗ ಮುಟ್ಟಲಿಲ್ಲ.

"ಎಲ್ಲಾರೂ ಹೊರಗ ಹೋಗ್ರಿ. ಬೆಳಕ ನೋಡಬ್ಯಾಡ್ರಿ, ಕಣ್ಣ ಹೋಗತಾವ," ಎಂದೆ. ಒಂದು ವರ್ಷದಲ್ಲಿ ನಾನು ಆಡಿದ ಅತಿ ಉದ್ದದ ಮಾತು ಅದು. ಭಾವ ಕನ್ನಡಕ ಬಿಚ್ಚಿ ನನ್ನ ಕೈಗೆ ಕೊಟ್ಟು, ಎಲ್ಲರಿಗಿಂತ ಮೊದಲು ಹೊರಗೆ ಹೋದರು.

ಡಯೋಡನ್ನು ಸ್ಪಂಜಿನಿಂದ ಬಿಡಿಸಿ, ತಲೆಯಲ್ಲಿ ಕೂರಿಸಿ, ಬಿಸಿ ಹೀರುವ ಲೋಹಕ್ಕೆ ಬಿಗಿದೆ. ಎಲ್ಲ ಜೋಡಿಸಿದ ಮೇಲೆ ಸೊನ್ನೆಯಿಂದ ಗುಂಡಿ ತಿರುಗಿಸಿದೆ. ಮೊದಲು ಮಂಕು ಬೆಳಕು. ಸತ್ತದ್ದೂ ಇಷ್ಟು ಬೆಳಗುತ್ತದೆ. ಇನ್ನೊಂದು ಕೂದಲೆಳೆ ತಿರುಗಿಸಿದೆ. ಬೆಳಕು ಒಮ್ಮೆಲೇ ಗಟ್ಟಿಯಾಯಿತು, ಹಲಗೆಯಿಂದ ಎಳೆಯಷ್ಟು ಹೊಗೆ ಎದ್ದಿತು. ಸಾಗವಾನಿ ಸುಟ್ಟ ವಾಸನೆ. ಆ ವಾಸನೆ ಅವನ ಅಂಗಿಗಳಿಗೆ ಇರುತ್ತಿತ್ತು.

"ಹೆಚ್ಚಿಗಿ ಕೊಡು ತಂಗಿ, ಕಪ್ಪಗ ಬರಲಿ," ಎಂದರು ಭಾವ ಬಾಗಿಲ ಆಚೆಯಿಂದ.

"ಹೆಚ್ಚಿಗಿ ಕೊಟ್ರ ಹೋಗತೈತ್ರಿ."

ಕಡಿಮೆಯಲ್ಲೇ ಬಿಟ್ಟು, ಯಂತ್ರದ ಓಟವನ್ನೂ ನಿಧಾನಕ್ಕೆ ಇಟ್ಟೆ. ಆರು ತಾಸು ಹಿಡಿಯಿತು. ಹೊರಗೆ ಕಾದವರು ಊಟ ಮಾಡಿ ಬಂದರು, ಕೆಲವರು ಊಟ ಮಾಡಿ ಬರಲಿಲ್ಲ. ಭಾವ ಹೊಸ್ತಿಲ ಮೇಲೇ ಕೂತಿದ್ದರು. ರೂಪಾಲಿ "ಚಾ ಆಗೇತ್ರಿ" ಎಂದು ಅವರ ಕೈಗೆ ಬಸಿ ಕೊಟ್ಟದ್ದು ಕೇಳಿಸಿತು. ಮೊದಲು ಕೂದಲು ಮೂಡಿತು, ಆಮೇಲೆ ಹಣೆ, ಆಮೇಲೆ ಉಳಿದದ್ದು. ಯಂತ್ರ ನಿಂತಾಗ ಡಯೋಡು ಇನ್ನೂ ಸುಡುತ್ತಿತ್ತು. ಕರೆಂಟು ಸೊನ್ನೆಗೆ ತಂದು, ಅದನ್ನು ಬಿಚ್ಚಿ, ಕಪ್ಪು ಸ್ಪಂಜಿಗೆ ಚುಚ್ಚಿ, ಡಬ್ಬಿಯನ್ನು ನನ್ನ ಟ್ರಂಕಿನಲ್ಲಿಟ್ಟೆ. ಅಲ್ಲಿಂದ ಯಾರೂ ಅದನ್ನು ಕೇಳಲಿಲ್ಲ.

ಪುಣ್ಯಸ್ಮರಣೆಯ ದಿನ ಹಲಗೆಗೆ ಹಾರ ಹಾಕಿ ನಿಲ್ಲಿಸಿದರು. ಭಾವ ಬಂದವರಿಗೆಲ್ಲ ಭೂಮಿ, ಕರೆಂಟು, ಉಂಗುರ ಎಂದು ವಿವರಿಸಿದರು. ಕಂಬಳಿಯ ಮಾತು ತೆಗೆಯಲಿಲ್ಲ. ಚಿತ್ರ ಮಸುಕಾಗಿತ್ತು. ಅತ್ತೆ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು.

"ಸೊರಗ್ಯಾನ," ಎಂದರು. "ಅಲ್ಲಿ ಊಟ ಸರಿ ಇಲ್ಲೇನೋ."

ಅಣ್ಣಾಸಾಬ ಸಿವಿಲ್ ಡ್ರೆಸ್ಸಿನಲ್ಲಿ ಬಂದು ಮೊಣಕಾಲು ಹಿಡಿದುಕೊಂಡು ಕುಳಿತ. ಮೂವರು ತಮ್ಮ ಮನೆಗೂ ಹೆಸರಿನ ಹಲಗೆ ಬೇಕೆಂದರು. ಮನೆಗಾದರೆ ಆಗಲಿ, ಮದುವೆಗೆ ಕಿರಿಯ ಸೊಸೆಯ ಕೈಯಿಂದ ಮಾಡಿಸಬಾರದು ಎಂದು ಅತ್ತೆ ಮೊದಲೇ ಹೇಳಿಟ್ಟರು.

ಊಟದ ಪಂಕ್ತಿಯಲ್ಲಿ ಭರಮು ಕಾಕಾ ಕುಳಿತಿದ್ದರು. ನಾನು ಹೋಗಿ, ಸೆರಗಿನಲ್ಲಿದ್ದ ಪಾನಾ ತೆಗೆದು ಅವರ ಎಲೆಯ ಪಕ್ಕದಲ್ಲಿಟ್ಟೆ. ಹತ್ತು-ಹನ್ನೊಂದರದು. ಅದನ್ನು ತೆಗೆದ ಮೇಲೆ ಯಂತ್ರ ಸ್ವಲ್ಪ ವಾಲಿ ನಿಂತಿದೆ.

ಕಾಕಾ ಕಲಸಿದ ಅನ್ನ ಬಿಟ್ಟು, ಎಡಗೈಯಲ್ಲಿ ಅದನ್ನು ಮುಟ್ಟಿ ನೋಡಿದರು. ಎಲ್ಲಿ ಸಿಕ್ಕಿತೆಂದು ಕೇಳಲಿಲ್ಲ. ಪಂಕ್ತಿಯಲ್ಲಿ ಒಬ್ಬೊಬ್ಬರಾಗಿ ಉಣ್ಣುವುದು ನಿಲ್ಲಿಸಿದರು. ಸಾರಿನ ಸೌಟು ಹಿಡಿದ ಭಾವ ನಿಂತಲ್ಲೇ ನಿಂತರು. ಬಾಗಿಲ ಹತ್ತಿರ ಸುಂದರಾಬಾಯಿ ಎದ್ದು ನಿಂತಳು. ಅತ್ತೆ ಹಲಗೆಯ ಮುಂದಿನಿಂದ ತಿರುಗಿ ನನ್ನನ್ನೇ ನೋಡಿದರು.

"ಅವ ಮತ್ತೇನರ ಅಂದನೇನವಾ?" ಎಂದರು ಕಾಕಾ, ಮೆಲ್ಲಗೆ.

"ಇಲ್ರಿ ಕಾಕಾ," ಎಂದೆ. "ಪಾನಾದ್ದು ಅಷ್ಟ."